ಮಸುಕು ಸೀಡಿಯ ಪರವಾಗಿ ಎರಡು ಮಾತು

ಎಲ್ಲವನ್ನೂ ಸ್ಪಷ್ಟವಾಗಿ ನೋಡಲೇಬೇಕೆಂದು ಹಟ ಹಿಡಿದ ಜನ ಈಚೆಗೆ ಬಹಳವಾಗಿದ್ದಾರೆ. ನಾನು ಆ ಪೈಕಿಯವನಲ್ಲ, ಹಾಗೆಂದು ಹೇಳಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ. ರಾಯಚೂರಿನ ನಮ್ಮ ಬಾಡಿಗೆ ಮನೆಯ ಟೀವಿಯ ಕೆಳಗೆ ಒಂದು ಹಳೆಯ ವಿಸಿಡಿ ಪ್ಲೇಯರ್ ಇದೆ. ಅದರ ಬಾಯಿ ತಾನಾಗಿ ತೆರೆಯುವುದಿಲ್ಲ, ನೆತ್ತಿಯ ಮೇಲೆ ಒಂದು ಏಟು ಹಾಕಬೇಕು. ಏಟು ಹಾಕಿದರೂ ತೆರೆಯದ ಕಪಾಟುಗಳಿರುವ ಕಚೇರಿಯಲ್ಲಿ ಗುಮಾಸ್ತನಾಗಿರುವ ನನಗೆ ಇದು ಬಹಳ ವಿಧೇಯ ಯಂತ್ರವೆಂದೇ ಅನ್ನಿಸುತ್ತದೆ. ಮನೆಗೆ ಬಂದವರು ಮಾತ್ರ ಅದನ್ನು ನೋಡಿ, ಮೂಲೆಯಲ್ಲಿ ಮಲಗಿದ ಮುದುಕನ ಬಗ್ಗೆ ವಿಚಾರಿಸುವ ದನಿಯಲ್ಲಿ, ಇದು ಇನ್ನೂ ನಡೆಯುತ್ತದೆಯೇ ಎಂದು ಕೇಳುತ್ತಾರೆ. ನಡೆಯುತ್ತದೆ ಸ್ವಾಮಿ. ನಡೆಯದಿದ್ದರೆ ಎತ್ತಿಕೊಂಡು ಹೋಗುತ್ತೇನೆ, ನಿಮಗೇನು?

ವಿಸಿಡಿಯ ಗುಣಗಳನ್ನು ತಿಳಿಯದವರು ಮಾತ್ರ ಅದನ್ನು ಹೀಯಾಳಿಸುತ್ತಾರೆ. ಒಂದು ಸಿನಿಮಾ ಅದರಲ್ಲಿ ಎರಡು ತಟ್ಟೆಗಳಾಗಿ ಬರುತ್ತಿತ್ತು. ಮೊದಲನೆಯದು ಮುಗಿದಾಗ ಯಾರಾದರೂ ಎದ್ದು ಎರಡನೆಯದನ್ನು ಹಾಕಬೇಕು. ಎದ್ದವರು ಹೇಗೂ ಎದ್ದಿದ್ದಾರೆಂದು ಚಹಾಕ್ಕಿಡುತ್ತಿದ್ದರು. ಚಹಾ ಆಗುವವರೆಗೆ ಮನೆಯವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಡಿವಿಡಿ ಬಂತು, ಚಹಾ ನಿಂತಿತು. ನನ್ನ ಮದುವೆಗೆ ಮುಂಚೆ ದೇವದುರ್ಗದಲ್ಲಿ ನಾವು ಬಾಡಿಗೆಗೆ ತರುತ್ತಿದ್ದ ಸಿನಿಮಾಗಳಲ್ಲಿ ಎಷ್ಟೋ ಸಲ ಮೊದಲ ತಟ್ಟೆಯೇ ಕಳೆದುಹೋಗಿರುತ್ತಿತ್ತು. ನಾಯಕ ಯಾಕೆ ಸೇಡು ತೀರಿಸಿಕೊಳ್ಳುತ್ತಿದ್ದಾನೆಂದು ಗೊತ್ತಿಲ್ಲದೆಯೇ ನಾವು ಅವನ ಪರವಾಗಿ ಕೂಗಿದ್ದೇವೆ, ಅತ್ತಿದ್ದೇವೆ. ಪೂರ್ತಿ ತಿಳಿದಿದ್ದರೆ ಅಷ್ಟು ಅಳುತ್ತಿದ್ದೆವೋ ಇಲ್ಲವೋ.

ಈ ಯಂತ್ರವನ್ನು ನಾನು ಕಾಪಾಡಿಕೊಂಡು ಬಂದಿರುವುದು ಒಂದೇ ಒಂದು ಸೀಡಿಗಾಗಿ. ಅದು ನಮ್ಮ ಮದುವೆಯ ಸೀಡಿ. ಹೆಂಡತಿ ಮಹಾದೇವಿ ಮಾನ್ವಿ ಕಡೆಯವಳು. ಮದುವೆ ನಡೆದದ್ದು ನೀರಮಾನ್ವಿಯಲ್ಲಿ, ಎಲ್ಲಮ್ಮನ ಗುಡಿಯ ಹತ್ತಿರ ಹಾಕಿದ್ದ ಹಂದರದಲ್ಲಿ. ಸೀಡಿಯಲ್ಲಿ ನನ್ನ ಮುಖ ಒಂದು ಸಾಸಿವೆ ಕಾಳು, ಅವಳ ಮುಖ ಇನ್ನೊಂದು. ಹಂದರದ ಕಂಬದ ಬಳಿ ಯಾರೋ ಬುದ್ಧಿಯಿಲ್ಲದವರು ಅಕ್ಕಿಯ ಚೀಲಗಳನ್ನು ಸಾಲಾಗಿ ಒರಗಿಸಿಟ್ಟಿದ್ದಾರೆ, ಶೂಟಿಂಗ್ ಮಾಡಿದ ಮಹಬೂಬ ಅವನ್ನು ಭಕ್ತಿಯಿಂದ ತೋರಿಸಿದ್ದಾನೆ. ಆದರೆ ಆ ಚೀಲಗಳ ಮುಂದೆ, ಡೊಳ್ಳಿನವರ ನಡುವೆ, ತಲೆಗೆ ರುಮಾಲು ಸುತ್ತಿ ಹೆಗಲಿಗೆ ಕಂಬಳಿ ಹಾಕಿಕೊಂಡು ಎರಡೂ ಕೈ ಮೇಲೆತ್ತಿ ಒಬ್ಬರು ಕುಣಿಯುತ್ತಾರೆ. ಅವರು ನಮ್ಮಪ್ಪ.

ಅಪ್ಪ ದೇವದುರ್ಗ ತಾಲೂಕಿನ ಗೂಗಲ್ ಹತ್ತಿರದ ನಮ್ಮೂರಲ್ಲಿ ಕುರಿ ಕಾಯ್ದುಕೊಂಡಿದ್ದವನು. ಕುರಿಗಳ ಜೊತೆ ಮಾತಾಡುತ್ತಿದ್ದಷ್ಟು ನಮ್ಮ ಜೊತೆ ಮಾತಾಡಿದವನಲ್ಲ. ನನಗೆ ನೌಕರಿ ಸಿಕ್ಕಿತೆಂದು ಓಡಿಬಂದು ಹೇಳಿದಾಗ, ಮೊದಲು ಆ ಹಟ್ಟಿಯ ಬಾಗಿಲು ಹಾಕು, ಮರಿ ಹೊರಗೆ ಬರುತ್ತವೆ ಅಂದಿದ್ದ. ಮದುವೆಯಾದ ಮರುವರ್ಷ ತೀರಿಕೊಂಡ. ಉಳಿದದ್ದು ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ ಒಂದು ಫೋಟೋ; ಅದರಲ್ಲಿ ಅವನನ್ನು ಆಗಷ್ಟೇ ಪೊಲೀಸರು ಹಿಡಿದುತಂದಂತಿದೆ. ಹೀಗಿರುವಾಗ ಅಂಥ ಅಪ್ಪ ನನ್ನ ಮದುವೆಯಲ್ಲಿ ಕುಣಿದಿದ್ದಾನೆ, ಅದಕ್ಕೆ ಸಾಕ್ಷಿಯಾಗಿ ಸೀಡಿಯಿದೆ ಎಂಬುದು ನನಗೆ ಸಣ್ಣ ವಿಷಯವಲ್ಲ. ಕಚೇರಿಯಲ್ಲಿ ಎಷ್ಟೋ ಜನರಿಗೆ ಹೇಳಿದ್ದೇನೆ. ಕೇಳದವರಿಗೂ ಹೇಳಿದ್ದೇನೆ.

ಪ್ರತಿವರ್ಷ ಅಪ್ಪ ತೀರಿದ ದಿನ ಎಡೆ ಹಿಡಿದ ಮೇಲೆ ನಮ್ಮ ಮನೆಯಲ್ಲಿ ಈ ಸೀಡಿ ಹಾಕುವುದು ರೂಢಿ. ಡೊಳ್ಳು ಶುರುವಾದ ಕೂಡಲೇ ಅವ್ವ ಟೀವಿಯ ಮುಂದೆ ಊದಿನಕಡ್ಡಿ ಹಚ್ಚುತ್ತಾಳೆ. "ನೋಡಲೇ, ನಿಮ್ಮಪ್ಪ ಹೆಂಗ ಕುಣ್ಯಾಕತ್ತಾನ" ಎಂದು ಕಣ್ಣೊರೆಸಿಕೊಳ್ಳುತ್ತಾಳೆ. ಎಲ್ಲರೂ ಕೈ ಮುಗಿಯುತ್ತೇವೆ. ಒಂದು ಆಯುಧಪೂಜೆಗೆ ಅವಳು ಸೀಡಿಗೂ ವಿಭೂತಿ ಎಳೆದುಬಿಟ್ಟಳು. ಅಂದಿನಿಂದ ತಾಳಿ ಕಟ್ಟುವ ಭಾಗ ಬರುವುದೇ ಇಲ್ಲ. ನಾನು ತಾಳಿ ಎತ್ತುತ್ತೇನೆ, ತಕ್ಷಣ ಜನ ಊಟಕ್ಕೆ ಕೂತಿರುತ್ತಾರೆ. ಆದರೂ ಕುಣಿತಕ್ಕೆ ಏನೂ ಆಗಲಿಲ್ಲವಲ್ಲ, ಅದು ವಿಭೂತಿಯ ಮಹಿಮೆ ಎಂದು ನಾನು ಸಮಾಧಾನ ಮಾಡಿಕೊಂಡೆ.

ಮಹಾದೇವಿ ಮಾಡಿಕೊಳ್ಳಲಿಲ್ಲ. ಅವಳದು ಬೇರೆ ಸಂಕಟ. "ನಂದು ಹಸರು ಸೀರಿ ರೀ. ಇದ್ರಾಗ ಕರೀದು ಕಾಣ್ತದ. ಅಜ್ಜಿ ಮದಿವಿಗಿ ಕರೀ ಸೀರಿ ಉಟ್ಟಿದ್ಲು ಅಂತ ನಾಳಿ ಮೊಮ್ಮಕ್ಕಳು ಅನಬೇಕೇನು?" ಎಂದು ವರ್ಷಗಟ್ಟಲೆ ಕೇಳಿದಳು. ಸೀರೆ ಹಸಿರೆಂದು ನಾನೇ ಮೊಮ್ಮಕ್ಕಳಿಗೆ ಬರೆದುಕೊಡುತ್ತೇನೆ ಅಂದೆ. ಒಪ್ಪಲಿಲ್ಲ. ಕೊನೆಗೆ ಈ ವರ್ಷ ತಾನೇ ಹೋಗಿ ಮಹಬೂಬನನ್ನು ಹುಡುಕಿದಳು. ಅವನು ಈಗ ತೀನ್ ಕಂದೀಲ್ ಸರ್ಕಲ್ ಹತ್ತಿರ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಹಳೆಯ ಮದುವೆಗಳ ಮೂಲ ಕ್ಯಾಸೆಟ್ಟುಗಳನ್ನೆಲ್ಲ ಟ್ರಂಕಿನಲ್ಲಿ ಹಾಗೇ ಇಟ್ಟಿದ್ದನಂತೆ, ನಮ್ಮದೂ ಸಿಕ್ಕಿತಂತೆ. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು ಎನ್ನುವುದಕ್ಕಿಂತ ಎಳೆದುಕೊಂಡು ಹೋದಳು ಎನ್ನುವುದು ಸರಿ.

ಮಹಬೂಬ ಕುರ್ಚಿ ಹಾಕಿ, ಚಹಾ ತರಿಸಿ, ವಿಷಯ ಬಿಡಿಸಿ ಹೇಳಿದ. "ಸರ, ವಿಸಿಡಿ ಅಂದ್ರ ಮಾರಿ ಗೊತ್ತಾಗಂಗಿಲ್ರಿ. ಡಿವಿಡಿ ಅಂದ್ರ ಮಾರಿ ಕಾಣ್ತದ. ಬ್ಲೂ-ರೇ ಅಂದ್ರ ಮಾರಿ ಮ್ಯಾಲಿನ ಸೊಳ್ಳಿ ಕಾಣ್ತದ." ಸೊಳ್ಳೆ ನೋಡಲು ನನಗೆ ಮನೆಯಲ್ಲೇ ಬೇಕಾದಷ್ಟು ಅನುಕೂಲವಿದೆ, ಯಾವುದೂ ಬೇಡ ಎಂದೆ. ಮಹಾದೇವಿ ನನ್ನ ಕಡೆ ನೋಡಿದಳು. ಆ ನೋಟಕ್ಕೆ ಬ್ಲೂ-ರೇ ಬೇಕಾಗಿರಲಿಲ್ಲ, ಸ್ಪಷ್ಟವಾಗಿಯೇ ಇತ್ತು. ನಡುವೆ ರಾಜಿಯಾಗಿ ಡಿವಿಡಿ ಎಂದಾಯಿತು. ಮಹಬೂಬ ಒಂದು ಡಿವಿಡಿ ಪ್ಲೇಯರನ್ನೂ ಕೊಟ್ಟ. ಹೊಸ ಯಂತ್ರ ಹಳೆಯ ಸೀಡಿಯನ್ನೂ ಓದುತ್ತದೆ, ಹಳೆಯ ಯಂತ್ರ ಹೊಸದನ್ನು ಬಾಯಿಗೇ ಹಾಕಿಕೊಳ್ಳುವುದಿಲ್ಲ ಎಂದ. ಹಳೆಯದಕ್ಕೆ ಸ್ವಾಭಿಮಾನವಿದೆ ಎಂದು ಹೇಳಿ ನಾನು ಎದ್ದುಬಂದೆ.

ಅಪ್ಪನ ದಿನ ಬಂತು. ಮಾನ್ವಿಯಿಂದ ಮಹಾದೇವಿಯ ಸೋದರಮಾವ ಬಸಣ್ಣ ಎಂದಿನಂತೆ ಬಂದ. ಹೋಳಿಗೆಯ ಮೇಲೆ ಅವನಿಗೆ ಪ್ರೀತಿ. ಒಂದು ವರ್ಷವೂ ತಪ್ಪಿಸದೆ ಬರುತ್ತಾನೆ, ನಮ್ಮೊಡನೆ ಕೂತು ಸೀಡಿ ನೋಡುತ್ತಾನೆ, ಕೈ ಮುಗಿಯುತ್ತಾನೆ, ಉಂಡು ಹೋಗುತ್ತಾನೆ. ಈ ಸಲ ಹೊಸ ತಟ್ಟೆ ಎಂದು ಗೊತ್ತಾದಾಗ ಅವನ ಮುಖ ಯಾಕೋ ಸಣ್ಣದಾಯಿತು. ಹಳೆಯದೇ ಚಂದ ಇತ್ತು ಎಂದ. ನನ್ನ ಪಕ್ಷಕ್ಕೆ ಒಬ್ಬ ಸಿಕ್ಕನೆಂದು ನಾನು ಹಿಗ್ಗಿದೆ.

ಡಿವಿಡಿ ಓಡಿತು. ಸೀರೆ ಹಸಿರೇ. ಸೆರಗಿನ ತುದಿಯಲ್ಲಿ ಅಂಗಡಿಯ ಬೆಲೆಯ ಚೀಟಿಯೂ ನೇತಾಡುತ್ತಿತ್ತು. ಸ್ಪಷ್ಟತೆ ಬೇಕೆಂದವರು ಅನುಭವಿಸಲಿ ಎಂದು ನಾನು ನಗುತ್ತಿರುವಾಗಲೇ ಡೊಳ್ಳು ಶುರುವಾಯಿತು. ಅವ್ವ ಊದಿನಕಡ್ಡಿ ಹಚ್ಚಿದಳು. ರುಮಾಲು ಬಂತು, ಕಂಬಳಿ ಬಂತು, ಎರಡು ಕೈ ಮೇಲೆದ್ದವು. ಕೈಗಳ ನಡುವೆ ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಬಸಣ್ಣ ಮಾವನ ಮುಖವಿತ್ತು.

ಊದಿನಕಡ್ಡಿಯ ಹೊಗೆ ಟೀವಿಯಲ್ಲಿದ್ದ ಬಸಣ್ಣನಿಗೂ ಕುರ್ಚಿಯಲ್ಲಿದ್ದ ಬಸಣ್ಣನಿಗೂ ಸಮನಾಗಿ ಹೋಗುತ್ತಿತ್ತು. ಇಪ್ಪತ್ತು ವರ್ಷದ ಮೇಲಾಯಿತು, ಬದುಕಿರುವ ಮನುಷ್ಯನಿಗೆ ನಾವು ಎಡೆ ಹಿಡಿದು ಕೈ ಮುಗಿದಿದ್ದೆವು, ಅವನೂ ತನಗೆ ತಾನೇ ಮುಗಿದುಕೊಂಡಿದ್ದ. ಅವ್ವ ಅವನ ಕಡೆ ತಿರುಗಿದಳು. ಬಸಣ್ಣ ರುಮಾಲು ತೆಗೆದು ಮಡಿಲಲ್ಲಿಟ್ಟುಕೊಂಡ.

"ಮೊದಲ್ನೇ ವರ್ಷ ನೀ ಅಳಾಕತ್ತಿದ್ದಿ ಯಕ್ಕಾ. ಅವಾಗ ಅದು ನಾನು ಅಂತ ಹೆಂಗ ಅನ್ಲಿ?" ಎಂದ. "ಆಮ್ಯಾಲೆ ಹೇಳಾಕ ಭಾಳ ತಡಾ ಆಗಿತ್ತು."

ನನಗೆ ಬಸಣ್ಣನ ಮೇಲಲ್ಲ, ಡಿವಿಡಿಯ ಮೇಲೆ ಕೆಟ್ಟ ಸಿಟ್ಟು ಬಂತು. ನನ್ನ ಮದುವೆಯಲ್ಲಿ ಕುಣಿದ ಅಪ್ಪನನ್ನು ಈ ದರಿದ್ರ ತಟ್ಟೆ ಒಂದು ಗಳಿಗೆಯಲ್ಲಿ ಕಿತ್ತುಕೊಂಡಿತ್ತು. ಇದಕ್ಕಾಗಿಯೇ ನಾನು ಮೊದಲಿನಿಂದ ಬೇಡವೆಂದದ್ದು ಎಂದು ಕೂಗಾಡಿದೆ. ಬಂದ್ ಮಾಡಲು ರಿಮೋಟು ಹುಡುಕಿ, ಸಿಟ್ಟಿನಲ್ಲಿ ಯಾವುದೋ ಗುಂಡಿ ಒತ್ತಿದೆ. ಚಿತ್ರ ನಿಂತುಬಿಟ್ಟಿತು. ಅವ್ವ ಟೀವಿಯ ಹತ್ತಿರ ಸರಿದು, ಕುಣಿಯುವವರನ್ನು ಬಿಟ್ಟು, ಹಿಂದಿನ ಕಂಬದ ಬಳಿ ಬೆರಳಿಟ್ಟಳು.

"ಇಲ್ಲಿ ಕುಂತಾನ ನೋಡು" ಎಂದಳು.

ಅಕ್ಕಿಯ ಚೀಲಗಳ ಸಾಲಿನಲ್ಲಿ ಕೊನೆಯದು ಚೀಲವಾಗಿರಲಿಲ್ಲ. ಕಂಬಳಿ ಹೊದ್ದು ಗೋಣು ತಗ್ಗಿಸಿ ಕೂತ ನಮ್ಮಪ್ಪ. ಡೊಳ್ಳಿನ ಸದ್ದಿಗೆ ಎರಡೂ ಕಿವಿಗೆ ಬೆರಳು ಇಟ್ಟುಕೊಂಡಿದ್ದ. ಸದ್ದು ಅವನಿಗೆ ಎಂದೂ ಆಗುತ್ತಿರಲಿಲ್ಲ. ಇಷ್ಟು ವರ್ಷ ನಾನು ಬಾಯಿಗೆ ಬಂದಂತೆ ಬೈದಿದ್ದ ಚೀಲ ಅದು. ಚಿತ್ರವನ್ನು ಮತ್ತೆ ಓಡಿಸಿದೆ. ಕಿವಿಯಲ್ಲಿ ಬೆರಳಿದ್ದರೂ ಕಂಬಳಿಯ ಕೆಳಗಿನಿಂದ ಹೊರಗೆ ಚಾಚಿದ್ದ ಅವನ ಬಲಗಾಲು ಅಲ್ಲಾಡುತ್ತಿತ್ತು. ಡೊಳ್ಳಿನ ಪೆಟ್ಟಿಗೆ ಸರಿಯಾಗಿ, ಮೇಲೆ, ಕೆಳಗೆ. ನಾನು ಅದನ್ನು ಹಿಂದಕ್ಕೆ ಓಡಿಸಿ ಮತ್ತೆ ನೋಡಿದೆ, ಮತ್ತೆ ನೋಡಿದೆ. ಕಣ್ಣಲ್ಲಿ ನೀರು ಬಂದು ಡಿವಿಡಿಯೂ ಕೊನೆಗೆ ವಿಸಿಡಿಯಂತೆ ಕಾಣತೊಡಗಿತು. ಬಸಣ್ಣನಿಗೆ ಅವ್ವ ಅವತ್ತೂ ಮೊದಲ ಹೋಳಿಗೆ ಬಡಿಸಿದಳು. ಅಷ್ಟು ಚಂದ ಕುಣಿದವನಿಗೆ ಹಾಕದೆ ಇನ್ನಾರಿಗೆ ಹಾಕಲಿ ಎಂದಳು.

ಇಷ್ಟಾದರೂ ನಾನು ಸೋತೆನೆಂದು ಯಾರೂ ತಿಳಿಯಬೇಕಾಗಿಲ್ಲ. ನಾನು ಈಗಲೂ ಮಸುಕಿನ ಪಕ್ಷವೇ, ಹಳೆಯ ಯಂತ್ರ ಅದೇ ಜಾಗದಲ್ಲಿದೆ. ಈ ಆಯುಧಪೂಜೆಗೆ ಅವ್ವ ವಿಭೂತಿ ಹಿಡಿದು ಬಂದಾಗ ಹೊಸ ತಟ್ಟೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಹಳೆಯದನ್ನು ಮುಂದೆ ಮಾಡಿದ್ದು ನಿಜ. ಅದು ಮುನ್ನೆಚ್ಚರಿಕೆ, ಪಕ್ಷಾಂತರವಲ್ಲ. ಕಚೇರಿಯಲ್ಲೂ ನಮ್ಮಪ್ಪ ನನ್ನ ಮದುವೆಯಲ್ಲಿ ಕುಣಿದಿದ್ದ ಎಂದೇ ಹೇಳುತ್ತೇನೆ. ಎಷ್ಟು ಕಾಲಿನಲ್ಲಿ ಎಂದು ಯಾರೂ ಕೇಳಿಲ್ಲ.

ಮೊನ್ನೆ ಮಹಾದೇವಿ ಆ ಭಾಗವನ್ನು ನನ್ನ ಜೊತೆ ಕೂತು ನೋಡಿ, ಮೆಲ್ಲಗೆ ಒಂದು ಮಾತು ತೆಗೆದಳು. "ರೀ, ಅದು ತಾಳ ಅಲ್ಲ ಅನಸ್ತದ. ಮಾವಾರ ಕಾಲಿಗಿ ಸೊಳ್ಳಿ ಕಡ್ಯಾಕತ್ತಾವು." ಅಲ್ಲಿಗೆ ಬಿಡದೆ ಮಹಬೂಬನ ಅಂಗಡಿಯಲ್ಲೂ ಹೇಳಿದ್ದಾಳೆ. ಕ್ಯಾಸೆಟ್ಟು ಇನ್ನೂ ತನ್ನ ಹತ್ತಿರವೇ ಇದೆ, ಬ್ಲೂ-ರೇಗೆ ಹಾಕಿ ಕೊಡುತ್ತೇನೆ, ಸೊಳ್ಳೆಯೋ ತಾಳವೋ ಗೊತ್ತಾಗಿಬಿಡುತ್ತದೆ ಎಂದು ಅವನು ಎರಡು ಸಲ ಫೋನ್ ಮಾಡಿದ. ನಾನು ಎತ್ತಲಿಲ್ಲ. ಮೂರನೆಯ ಸಲ ಎತ್ತಿ, ನಮ್ಮ ಮನೆಗೆ ಡಿವಿಡಿಯೇ ಕಡೆಯದು, ಇದರ ಮೇಲೆ ಒಂದು ಕೂದಲಿನಷ್ಟೂ ಸ್ಪಷ್ಟತೆ ಬೇಡ ಎಂದು ಖಡಾಖಂಡಿತವಾಗಿ ಹೇಳಿ ಇಟ್ಟೆ.