ಪ್ರಭಾರ ನಾಯಿ

ಕನಕಪುರ ತಾಲ್ಲೂಕು ಹೊಂಗೇದೊಡ್ಡಿ ಗ್ರಾಮದಲ್ಲಿ ಯಾವುದೇ ಸಂಗತಿಯು ಅದರ ಫ್ಲೆಕ್ಸ್ ಕಟ್ಟಿದ ದಿನದಿಂದ ನಡೆದದ್ದೆಂದು ಪರಿಗಣಿಸಲ್ಪಡುತ್ತದೆ. ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ, ಆದ್ದರಿಂದಲೇ ಎಲ್ಲರೂ ಪಾಲಿಸುತ್ತಾರೆ. ನಮ್ಮೂರಿನಿಂದ ಕಬ್ಬಾಳು ರಸ್ತೆಗೆ ಸೇರುವ ದಾರಿಗೆ ಡಾಂಬರು ಹಾಕಿಸಿದ್ದಕ್ಕಾಗಿ ಮುಖಂಡರೊಬ್ಬರಿಗೆ ಅಭಿನಂದನೆ ಸಲ್ಲಿಸಿ ಒಮ್ಮೆ ಫ್ಲೆಕ್ಸ್ ಕಟ್ಟಲಾಯಿತು. ಡಾಂಬರು ಇನ್ನೂ ಬಂದಿಲ್ಲ. ಆದರೆ ಅಂದಿನಿಂದ ಆ ದಾರಿಯ ಬಗ್ಗೆ ಒಬ್ಬರೂ ದೂರು ಕೊಟ್ಟಿಲ್ಲ. ಆಗಿಹೋದ ರಸ್ತೆಯ ಮೇಲೆ ದೂರು ಹೇಳುವುದು ಮರ್ಯಾದೆಯಲ್ಲ. ಗುಂಡಿಗೆ ಬಿದ್ದವರು ಎದ್ದು, ಬಟ್ಟೆ ಒದರಿಕೊಂಡು, ರಸ್ತೆ ಚೆನ್ನಾಗಾಗಿದೆ ಎನ್ನುತ್ತಲೇ ಮನೆಗೆ ಹೋಗುತ್ತಾರೆ.

ಈ ಪದ್ಧತಿ ತಿಳಿಯದವರಿಗೆ ಲೋಕೇಶನ ಮನೆಗೆ ನಾಯಿ ಬಂದ ಬಗೆ ಅರ್ಥವಾಗುವುದಿಲ್ಲ. ನಾನು ಊರಿನ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. ಇಡೀ ಪ್ರಕರಣವನ್ನು ಹತ್ತಿರದಿಂದ ಕಂಡವನು, ಅಲ್ಲಲ್ಲಿ ಕೈಯನ್ನೂ ಹಾಕಿದವನು. ಆದ್ದರಿಂದ ಹೇಳುವ ಅಧಿಕಾರ ನನಗಿದೆ.

ಲೋಕೇಶ ನಮ್ಮ ಸಂಘದ ನಿರ್ದೇಶಕ. ಮನೆಯ ಹಿಂದೆ ರೇಷ್ಮೆ ಹುಳು ಸಾಕುತ್ತಾನೆ, ಮುಂದಿನ ಪಂಚಾಯ್ತಿ ಚುನಾವಣೆಗೆ ನಿಲ್ಲಬೇಕೆಂದಿದ್ದಾನೆ. ನಿಲ್ಲಬೇಕೆಂದಿರುವವನು ಯಾವುದಕ್ಕೂ ಹೂಂ ಅನ್ನಬಾರದು, ಊಹೂಂ ಅಂತಲೂ ಅನ್ನಬಾರದು. ಹೂಂ ಅಂದರೆ ಮಾಡಬೇಕಾಗುತ್ತದೆ, ಊಹೂಂ ಅಂದರೆ ವೋಟು ಹೋಗುತ್ತದೆ. ಹಾಗಾಗಿ ಅವನು ಎಲ್ಲದಕ್ಕೂ ‘ನೋಡಾಣ’ ಅನ್ನುತ್ತಾನೆ. ಅದನ್ನು ಎಂಥ ಪ್ರೀತಿಯಿಂದ ಅನ್ನುತ್ತಾನೆಂದರೆ, ಕೇಳಿದವರು ಕೆಲಸವಾಯಿತೆಂದು ಮನೆಗೆ ಹೋಗಿ ಪಾಯಸ ಮಾಡಿಸಿದ್ದುಂಟು. ತಾಳಿ ಕಟ್ಟಿ ಎಂದ ಪುರೋಹಿತರಿಗೂ ಹಾಗೇ ಅಂದನಂತೆ. ಇದು ಅವನ ಹೆಂಡತಿ ರಾಧಾಮಣಿಯ ಹೇಳಿಕೆ, ನಾನು ಕಂಡದ್ದಲ್ಲ.

ಇವರ ಮಗಳು ಸಿರಿ. ಆರನೇ ಕ್ಲಾಸು. ಬಸ್ ಸ್ಟಾಪಿನಲ್ಲಿ ಭಾನುಪ್ರಿಯ ನಡೆಸುವ ಬೋಂಡ ಅಂಗಡಿಯ ಬೆಂಚಿನ ಕೆಳಗೆ ಒಂದು ಕಂದು ಮರಿ ಬಂದು ಸೇರಿಕೊಂಡಿತ್ತು. ಅದರ ಒಂದು ಕಿವಿ ನಿಲ್ಲುತ್ತದೆ, ಇನ್ನೊಂದು ನಿಲ್ಲುವುದಿಲ್ಲ. ಸಿರಿ ಅದಕ್ಕೆ ಬೋಂಡ ಎಂದು ಹೆಸರಿಟ್ಟು, ಶಾಲೆಯ ಬಿಸಿಯೂಟದ ಮೊಟ್ಟೆಯಲ್ಲಿ ಅರ್ಧ ತಂದು ಹಾಕುತ್ತಿದ್ದಳು. ಮರಿ ಮಾತ್ರ ಹೆಸರಿಗೆ ತಕ್ಕ ಹಾಗೆ ಹಿಟ್ಟಿನ ಬೋಗುಣಿಗೇ ಬಾಯಿ ಹಾಕತೊಡಗಿತು. ಭಾನುಪ್ರಿಯ ಸಾಕಷ್ಟು ಸಹಿಸಿದಳು. ಆಮೇಲೆ, ಭಾನುವಾರ ತಮಿಳುನಾಡಿನ ಕಡೆಗೆ ಹೋಗುವ ಎಳನೀರು ಲಾರಿಯವನಿಗೆ ಇದನ್ನು ಕೊಟ್ಟುಬಿಡುತ್ತೇನೆ, ಬೇಕಾದವರು ಅಷ್ಟರೊಳಗೆ ಕೊಂಡೊಯ್ಯಿರಿ ಎಂದು ಸಾರಿದಳು.

ಸಿರಿ ಅಪ್ಪನ ಬಳಿ ಓಡಿದಳು. ಲೋಕೇಶ ನೋಡಾಣ ಅಂದ. ಹುಳು ಜ್ವರಕ್ಕೆ ಕೂತಿವೆ, ಈಗ ಮನೆಗೆ ಹೊಸಬರನ್ನು ತರಬಾರದು ಅಂದ. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಸುಮ್ಮನೆ ಕೂರುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ಆ ಜ್ವರ ಬಿಟ್ಟರೆ ಮುಂದಿನ ಜ್ವರ, ಅದಾದರೆ ಗೂಡು ಕಟ್ಟುವುದು, ಗೂಡನ್ನು ರಾಮನಗರದ ಮಾರ್ಕೆಟ್ಟಿಗೆ ಹಾಕಿ ಬಂದರೆ ಮತ್ತೆ ಹೊಸ ಹುಳು. ಇದರ ಮಧ್ಯೆ ಸಂದು ಬೇಕೆಂದರೆ ನಾಯಿ ಬೇರೆ ಜಿಲ್ಲೆಯಲ್ಲೇ ಹುಟ್ಟಬೇಕಿತ್ತು.

ನಿಜವಾದ ಕಾರಣ ಊರಿಗೆಲ್ಲ ಗೊತ್ತು, ಯಾರೂ ಆಡುವುದಿಲ್ಲ. ಲೋಕೇಶನಿಗೆ ನಾಯಿ ಕಂಡರೆ ಪ್ರಾಣ ಹೋಗುತ್ತದೆ. ನಾಯಿ ಇರುವ ಮನೆಗೆ ಕೆಲಸ ಬಿದ್ದರೆ ಬೀದಿಯಲ್ಲೇ ನಿಂತು ಕೂಗಿ ಮಾತಾಡಿಸುತ್ತಾನೆ. ಜನ ಅದನ್ನು ವಿನಯ ಅಂದುಕೊಂಡಿದ್ದಾರೆ ಎಂದು ಅವನು ಅಂದುಕೊಂಡಿದ್ದಾನೆ.

ಆಗ ಅಜ್ಜಿ ಶಿವಲಿಂಗಮ್ಮ, ಅಂದರೆ ಲೋಕೇಶನ ತಾಯಿ, ವಿಷಯವನ್ನು ಕೈಗೆತ್ತಿಕೊಂಡಳು. ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ಅಜ್ಜಿಗೆ ಕನಕಪುರ ಹಿತ್ತಲಿನಷ್ಟು ಹತ್ತಿರ. ಆಧಾರ್ ಕಾರ್ಡನ್ನು ಸೆರಗಿಗೆ ಗಂಟು ಹಾಕಿಕೊಂಡು, ಮೊಮ್ಮಗಳ ಕೈ ಹಿಡಿದುಕೊಂಡು, ಅಕ್ರಮ್‌ನ ಫ್ಲೆಕ್ಸ್ ಅಂಗಡಿಗೆ ಹೋದಳು. ಅಕ್ರಮ್ ಏನೂ ಕೇಳಲಿಲ್ಲ. ನಡೆಯದ ಸಂಗತಿಗೆ ಅಭಿನಂದನೆ ಮುದ್ರಿಸುವುದೇ ಅವನ ಕಸುಬು. ನಾಯಿಯ ಫೋಟೋ ಒಂದನ್ನು ಮಾತ್ರ ಕೇಳಿದ. ಇವರ ಬಳಿ ಇರಲಿಲ್ಲ.

“ನಾಯಿ ತಾನೆ ಅಜ್ಜಿ, ನಮ್ಮತ್ರ ಐತೆ ಬುಡಿ,” ಎಂದು ಅಕ್ರಮ್ ಕಂಪ್ಯೂಟರಿನಿಂದ ಒಂದನ್ನು ತೆಗೆದ. ಅದು ಎದೆಯುಬ್ಬಿಸಿ ನಿಂತ ಪೊಲೀಸ್ ನಾಯಿ. ಹಿಂದೆ ಸಾವನದುರ್ಗದ ಬೆಟ್ಟವನ್ನೂ ಇಟ್ಟುಕೊಟ್ಟ. ಬೋಂಡ ನೋಡಾಕೆ ಇಂಗಿಲ್ಲ ಅಂತ ಸಿರಿ ಸಣ್ಣಗೆ ಹೇಳಿದಳು. ಫ್ಲೆಕ್ಸಿನಲ್ಲಿ ಯಾರು ತಾನೆ ಇದ್ದ ಹಾಗೆ ಇರುತ್ತಾರೆ ಎಂದು ಅಜ್ಜಿ ಸಮಾಧಾನ ಮಾಡಿದಳು.

ಶುಕ್ರವಾರ ಬೆಳಗ್ಗೆ ಡೇರಿಗೆ ಹಾಲು ಹಾಕಲು ಬಂದವರೆಲ್ಲ ಅದನ್ನು ಓದಿದರು. ಹಗ್ಗ ಡೇರಿಯದು, ಗಂಟು ನನ್ನದು. ಒಕ್ಕಣೆ ಹೀಗಿತ್ತು: “ತಮ್ಮ ಮನೆಗೆ ನಾಯಿ ತರಲು ತುಂಬು ಹೃದಯದಿಂದ ಸಮ್ಮತಿಸಿದ ಮೂಕಪ್ರಾಣಿಗಳ ಆಶಾಕಿರಣ, ಸರಳ ಸಜ್ಜನ, ಡೇರಿ ನಿರ್ದೇಶಕರಾದ ಶ್ರೀ ಲೋಕೇಶಣ್ಣನವರಿಗೆ ಹಾರ್ದಿಕ ಅಭಿನಂದನೆಗಳು. ಶುಭ ಕೋರುವವರು: ಸಮಸ್ತ ಗ್ರಾಮಸ್ಥರು.”

ಲೋಕೇಶ ಕ್ಯಾನು ಹಿಡಿದುಕೊಂಡೇ ಅದನ್ನು ಎರಡೆರಡು ಸಲ ಓದಿದ. ಕಿತ್ತುಹಾಕೋಣವೆಂದರೆ ಅದರಲ್ಲಿರುವುದು ತನ್ನದೇ ಮುಖ. ಮೇಲಾಗಿ ಅಕ್ರಮ್ ಅವನಿಗೆ ಧಾರಾಳವಾಗಿ ಕೂದಲು ಕೊಟ್ಟಿದ್ದ. ಮನೆಗೆ ಹೋಗಿ, ಇದನ್ನು ಕಟ್ಟಿಸಿದ್ದು ಯಾರು ಎಂದು ತಾಯಿಯನ್ನು ಕೇಳಿದ.

“ಸಮಸ್ತ ಗ್ರಾಮಸ್ಥರು ಅಂತ ಬರ್ದೈತಲ್ಲಪ್ಪ. ಓಗಿ ಅವರ್ನೇ ಕೇಳು,” ಅಂದಳು ಅಜ್ಜಿ.

ಸಮಸ್ತ ಗ್ರಾಮಸ್ಥರು ಅಷ್ಟರಲ್ಲಿ ತಾವಾಗಿಯೇ ಬಂದಿದ್ದರು. ಸ್ತ್ರೀಶಕ್ತಿ ಸಂಘದವರು ಶಾಲು ಹೊದಿಸಿದರು. ಶಾಲೆಯ ಮಕ್ಕಳನ್ನು ಸಾಲಾಗಿ ಕರೆತಂದು ಚಪ್ಪಾಳೆ ತಟ್ಟಿಸಿದರು. ಸ್ವಂತ ಮನೆಯಲ್ಲಿ ಹೆತ್ತವರಿಗೆ ಅನ್ನ ಹಾಕದವನೊಬ್ಬ ಮೂಕಪ್ರಾಣಿಗಳ ಕುರಿತು ಮಾತಾಡುತ್ತಾ ಕಣ್ಣೀರು ಹಾಕಿದ. ಲೋಕೇಶ ಎಲ್ಲರಿಗೂ ಕೈಮುಗಿದ. ತಾನು ಒಪ್ಪಿಲ್ಲ ಅನ್ನಬಹುದಿತ್ತು, ಆದರೆ ಅದು ಊಹೂಂ ಅಂದ ಹಾಗಾಗುತ್ತಿತ್ತು.

ಸಂಜೆಗೆ ಎದುರು ಬಣದ ಉದಯಶಂಕರ್ ತನ್ನ ಫ್ಲೆಕ್ಸ್ ಕಟ್ಟಿಸಿದ. ಅವನೂ ಅದೇ ಸೀಟಿನ ಆಕಾಂಕ್ಷಿ. ಕಿವಿಗೆ ಮೊಬೈಲು ಹಿಡಿದು ದೂರದ ಅಭಿವೃದ್ಧಿಯನ್ನು ದಿಟ್ಟಿಸುತ್ತಿರುವ ಅವನ ಚಿತ್ರದ ಕೆಳಗೆ, ‘ಸದರಿ ನಾಯಿಯ ಮಂಜೂರಾತಿಗಾಗಿ ಹಗಲಿರುಳು ಶ್ರಮಿಸಿದ ಯುವ ಮುಖಂಡರಿಗೆ ಕೃತಜ್ಞತೆಗಳು’ ಎಂದಿತ್ತು. ಎರಡು ಬಣಗಳೂ ತಾವು ಮಾಡಿಸಿದ್ದು ಎಂದ ಕೆಲಸ ಆಗಿಯೇ ಇರುತ್ತದೆ. ಇನ್ನು ಲೋಕೇಶನಿಗೆ ಹಿಂದೆ ಸರಿಯಲು ಜಾಗ ಉಳಿಯಲಿಲ್ಲ.

ಭಾನುವಾರ ಸ್ವಾಗತ ಸಮಾರಂಭ ಇಟ್ಟರು. ತಮಟೆ ಬಂತು. ಜೆಸಿಬಿಯಲ್ಲಿ ಸೇಬಿನ ಹಾರ ಬಂತು. ನಾಯಿ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಹಾರವನ್ನು ಫ್ಲೆಕ್ಸಿನ ನಾಯಿಗೆ ಹಾಕಿ, ಫೋಟೋ ತೆಗೆದು, ಹಾರ ಕೆಳಗಿಳಿಯುವ ಮುಂಚೆಯೇ ಸೇಬು ತಿಂದರು. ಸಮಾರಂಭ ಅಲ್ಲಿಗೆ ಮುಗಿದೇ ಹೋಗುತ್ತಿತ್ತು. ಅಷ್ಟರಲ್ಲಿ ಸಿರಿ ಬೋಂಡನನ್ನು ಎದೆಗೆ ಅವಚಿಕೊಂಡು ಜನದ ಮಧ್ಯೆ ಬಂದು ನಿಂತಳು.

ತಮಟೆ ನಿಂತಿತು. ಜನ ಮರಿಯನ್ನು ನೋಡಿದರು, ಫ್ಲೆಕ್ಸನ್ನು ನೋಡಿದರು, ಮತ್ತೆ ಮರಿಯನ್ನು ನೋಡಿದರು.

“ಆ ನಾಯಿ ಅಲ್ಲ ಇದು,” ಅಂದ ಉದಯಶಂಕರ್. “ನಾವ್ ಮಂಜೂರು ಮಾಡ್ಸಿದ್ದು ಅದು.”

ಜನ ತಲೆದೂಗಿದರು. ಲೋಕೇಶನ ಮುಖಕ್ಕೆ ಎರಡು ದಿನದಿಂದ ಹೋಗಿದ್ದ ಕಳೆ ಬಂತು. ಇದಲ್ಲ ಅಂದಮೇಲೆ ಏನು ಮಾಡೋದಕ್ಕಾಗುತ್ತದೆ, ನಿಜವಾದದ್ದು ಬರಲಿ, ಕಾಯೋಣ ಅಂದ. ಭಾನುಪ್ರಿಯಳ ಅಂಗಡಿಯ ಮುಂದೆ ಎಳನೀರು ಲಾರಿ ಆಗಲೇ ಸ್ಟಾರ್ಟ್ ಆಗಿ ನಿಂತಿತ್ತು. ಸಿರಿ ಅಳಲಿಲ್ಲ. ಅಳು ಬಾರದ ಹಾಗೆ ತುಟಿಯನ್ನು ಒಳಗೆ ಎಳೆದುಕೊಂಡಿದ್ದಳು.

ನಾನು ಕಾರ್ಯದರ್ಶಿ ಎಂದೆನಲ್ಲ, ಪ್ರಭಾರ ಕಾರ್ಯದರ್ಶಿ. ಖಾಯಂ ಆದವರು ಬರುವವರೆಗೆ ನೋಡಿಕೋ ಎಂದು ನನ್ನನ್ನು ಕೂರಿಸಿದಾಗ ನನಗೆ ಮದುವೆಯಾಗಿರಲಿಲ್ಲ. ಹೋದ ವರ್ಷ ಮಗಳ ಮದುವೆ ಮಾಡಿದೆ. ಈ ಅನುಭವ ಒಂದು ದಿನ ಉಪಯೋಗಕ್ಕೆ ಬರುತ್ತದೆಂದು ಗೊತ್ತಿರಲಿಲ್ಲ. ಮೈಕು ಕಿತ್ತುಕೊಂಡು, ಗಂಟಲು ಸರಿಮಾಡಿಕೊಂಡು ಪ್ರಕಟಿಸಿದೆ:

“ಫ್ಲೆಕ್ಸಿನಲ್ಲಿ ಕಾಣಿಸಿರುವ ಖಾಯಂ ನಾಯಿಯು ಕರ್ತವ್ಯಕ್ಕೆ ಹಾಜರಾಗುವವರೆಗೆ ಅಥವಾ ಮುಂದಿನ ಆದೇಶದವರೆಗೆ, ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ, ಬೋಂಡ ಎಂಬ ಸದರಿ ಮರಿಯು ತನ್ನ ಬೀದಿಯ ಕರ್ತವ್ಯಗಳ ಜೊತೆಗೆ ಶ್ರೀ ಲೋಕೇಶ್‌ರವರ ಮನೆಯ ಹೆಚ್ಚುವರಿ ಪ್ರಭಾರವನ್ನು ವಹಿಸಿಕೊಳ್ಳತಕ್ಕದ್ದು. ಈ ಬಗ್ಗೆ ಮರಿಯು ಪ್ರತ್ಯೇಕ ಭತ್ಯೆ ಕೋರುವಂತಿಲ್ಲ.”

ಜನ ನಿಟ್ಟುಸಿರು ಬಿಟ್ಟರು. ಇಷ್ಟು ಸರಳವಾದದ್ದು ಯಾರಿಗೂ ಹೊಳೆದಿರಲಿಲ್ಲ. ಲೋಕೇಶ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, ಇದು ಖಾಯಂ ಅಲ್ಲ ತಾನೆ ಎಂದು ಕೇಳಿದ. ಅಲ್ಲ ಅಂದೆ. ಹಾಗಾದರೆ ತಾನು ಹೂಂ ಅಂದ ಹಾಗೆ ಆಗುವುದಿಲ್ಲವಲ್ಲ ಅಂದ. ಆಗುವುದಿಲ್ಲ ಅಂದೆ.

“ಅಂಗಾದ್ರೆ ಇರ್ಲಿ ಬುಡು,” ಅಂದ. ಲಾರಿ ಮರಿಯಿಲ್ಲದೆ ಹೋಯಿತು.

ಮೊದಮೊದಲು ಲೋಕೇಶ ಸೊಪ್ಪು ಕೊಯ್ಯುವ ದೋಟಿಯ ತುದಿಗೆ ತಟ್ಟೆ ಸಿಕ್ಕಿಸಿ, ದೂರದಿಂದಲೇ ಬೋಂಡನಿಗೆ ಮುದ್ದೆ ತಲುಪಿಸುತ್ತಿದ್ದ. ಪ್ರಭಾರದವರ ಜೊತೆ ಹೆಚ್ಚು ಸಲಿಗೆ ಬೇಡ ಎಂಬುದು ಅವನ ವಿವರಣೆ. ಬೋಂಡ ಹುಳುಮನೆಯ ಬಾಗಿಲಲ್ಲಿ ಮಲಗತೊಡಗಿತು, ಇಲಿಗಳು ಆ ಕಡೆ ಬರುವುದನ್ನು ಬಿಟ್ಟವು. ದೋಟಿ ಹೋಗಿ ಕೋಲು ಬಂತು, ಕೋಲು ಹೋಗಿ ಬರೀ ಕೈ ಬಂತು. ಒಂದು ದಿನ ಲೋಕೇಶ ಅದನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಮತ ಕೇಳಲು ಹೊರಟಿದ್ದನ್ನು ನಾನೇ ಕಂಡೆ. ಊರಿನ ನಾಯಿಗಳು ಬೋಂಡನನ್ನು ಮಾತಾಡಿಸುವುದರಲ್ಲಿ ಇವನನ್ನು ಮರೆತವು. ಎಷ್ಟೋ ವರ್ಷಗಳ ಮೇಲೆ ಅವನು ಜನರ ಜಗುಲಿಯ ಮೇಲೆ ಕೂತು ಕಾಫಿ ಕುಡಿದ.

ಉದಯಶಂಕರ್‌ಗೆ ಇದನ್ನು ತಡೆದುಕೊಳ್ಳಲಾಗಲಿಲ್ಲ. ಮಾಗಡಿ ಕಡೆಯ ಒಂದು ಫಾರಂಹೌಸಿನಿಂದ ಅಸಲಿ ಪೊಲೀಸ್ ನಾಯಿಯನ್ನು ಕಾರಿನಲ್ಲಿ ಕರೆತಂದು, ಹಾರ ಹಾಕಿ, ಊರನ್ನು ಕೂಡಿಸಿಕೊಂಡು ಲೋಕೇಶನ ಮನೆ ಮುಂದೆ ನಿಂತ. ಫ್ಲೆಕ್ಸಿನಲ್ಲಿದ್ದದ್ದಕ್ಕೂ ಇದಕ್ಕೂ ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ.

“ಲೋಕೇಶಣ್ಣ, ನಿನ್ನ ಖಾಯಂ ನಾಯಿ ಬಂದೈತೆ. ಪ್ರಭಾರದ್ನ ಬುಡುಗಡೆ ಮಾಡು.”

ಜನ ನನ್ನ ಕಡೆ ನೋಡಿದರು. ಆದೇಶ ನನ್ನದೇ, ಅದರ ಪ್ರಕಾರ ಉದಯಶಂಕರ್ ಸರಿ. ಖಾಯಂ ಆದವರು ಒಂದು ದಿನ ಬಂದೇಬಿಡುತ್ತಾರೆ ಎಂಬುದು ನಮ್ಮಂಥವರ ಕನಸಿಗೂ ಬಂದಿರುವುದಿಲ್ಲ. ಸಿರಿ ಬೋಂಡನನ್ನು ಎಳೆದುಕೊಂಡು ಬಾಗಿಲ ಹಿಂದೆ ಸರಿದಳು. ಲೋಕೇಶ ಹೊಸಿಲು ದಾಟಿ ಹೊರಗೆ ಬಂದ. ಆ ದೊಡ್ಡ ನಾಯಿಯ ಮುಂದೆ ಅವನ ಪಂಚೆಯ ಅಂಚು ಅದುರುತ್ತಿತ್ತು. ಆದರೂ ಹಿಂದೆ ಸರಿಯಲಿಲ್ಲ.

“ಹುದ್ದೆ ಖಾಲಿ ಇಲ್ಲ,” ಅಂದ.

“ನಿನ್ನೆಗಂಟ ಇತ್ತಲ್ಲಣ್ಣ?”

“ತುಂಬೈತೆ. ಬೋಂಡ ನಮ್ಮನೆ ನಾಯಿ. ಅದ್ನ ಯಾರ್ಗೂ ಕೊಡಾಕಿಲ್ಲ.”

ಲೋಕೇಶ ಹುಟ್ಟಿದ ಮೇಲೆ ಆಡಿದ ಮೊದಲ ಖಚಿತ ಮಾತು ಅದು. ರಾಧಾಮಣಿ ಅಡುಗೆಮನೆಯಿಂದ ಓಡಿಬಂದು ಅವನ ಹಣೆ ಮುಟ್ಟಿ ನೋಡಿದಳು. ಬೋಂಡ ಮಾತ್ರ ಬಾಗಿಲ ಸಂದಿನಿಂದ ನುಸುಳಿ ಬಂದು, ಖಾಯಂ ನಾಯಿಯ ಹಾರದ ಒಂದು ಹೂವನ್ನು ಕಿತ್ತುಕೊಂಡು ಒಳಗೆ ಓಡಿತು.

ಈಗ ಉಳಿದದ್ದು ಪೊಲೀಸ್ ನಾಯಿಯ ಪ್ರಶ್ನೆ. ಫ್ಲೆಕ್ಸಿನ ಪ್ರಕಾರ ಅದು ಲೋಕೇಶನ ನಾಯಿ, ಇದನ್ನು ಉದಯಶಂಕರನೇ ಊರ ಮುಂದೆ ಸಾರಿದ್ದಾನೆ. ಲೋಕೇಶನಲ್ಲಿ ಹುದ್ದೆಯಿಲ್ಲ. ಫಾರಂಹೌಸಿನವರು ಮಾರಿದ್ದನ್ನು ವಾಪಸ್ ಪಡೆಯುವುದಿಲ್ಲ. ಆದ್ದರಿಂದ ಅದನ್ನು ನಿಯೋಜನೆಯ ಮೇಲೆ ಉದಯಶಂಕರನ ಮನೆಗೆ ಕಳಿಸಿದೆ. ಯಾರೂ ಆಕ್ಷೇಪಿಸಲಿಲ್ಲ, ಉದಯಶಂಕರನೂ ಆಕ್ಷೇಪಿಸಲಿಲ್ಲ. ಅವನು ಅದಕ್ಕೆ ದಿನಾ ಕೋಳಿ ಬೇಯಿಸಿ ಹಾಕುತ್ತಾನೆ, ಬೆಳಗ್ಗೆ ಅದು ಅವನನ್ನು ಕೆರೆ ಏರಿಯ ತನಕ ಎಳೆದುಕೊಂಡು ಹೋಗಿಬರುತ್ತದೆ. ಸಂಜೆ ಲೋಕೇಶನ ಮನೆಗೆ ಬಂದು, ಗೇಟಿನ ಆಚೆ ನಿಂತು ವರದಿ ಒಪ್ಪಿಸುತ್ತಾನೆ.

“ಅಣ್ಣ, ನಿನ್ನ ನಾಯಿ ಇವತ್ತು ಒಸಿ ಮಂಕಾಗೈತೆ. ಸರ್ಯಾಗಿ ಉಣ್ಲಿಲ್ಲ.”

ಲೋಕೇಶ ಜಗುಲಿಯಲ್ಲಿ ಕೂತು, ತೊಡೆಯ ಮೇಲೆ ಮಲಗಿದ ಬೋಂಡನ ನಿಲ್ಲದ ಕಿವಿಯನ್ನು ಕೆರೆಯುತ್ತಾ, ಡಾಕ್ಟರಿಗೆ ತೋರಿಸು ಅನ್ನುತ್ತಾನೆ. ಉದಯಶಂಕರ್ ಆಗಲಿ ಅಣ್ಣ ಎಂದು ಹೇಳಿ ತೋರಿಸಲು ಹೋಗುತ್ತಾನೆ.