ಹೊಲಿಯುವುದೋ, ಸವರುವುದೋ

ಒಂದೇ ದಾರಿ ಇದ್ದಾಗ ನಾನು ಸಾಕಷ್ಟು ಧೈರ್ಯವಂತ. ಎರಡು ಕಂಡವೆಂದರೆ ಮುಗಿಯಿತು. ಊಟ ರುಚಿಸುವುದಿಲ್ಲ, ಕೂತಲ್ಲಿ ಕೂರಲಾಗುವುದಿಲ್ಲ. ಅಂಗಡಿಯವನು ಎರಡು ಜೋಡಿ ಚಪ್ಪಲಿ ಮುಂದಿಟ್ಟನೆಂದು ಹಳೆಯದರಲ್ಲೇ ಮನೆಗೆ ಮರಳಿದವನು ನಾನು. ಅಂಥವನ ಸೊಂಟದ ಕೀಲೇ ಕೆಡಬೇಕೇ?

ಬೈಲಹೊಂಗಲದ ಪೇಟೆಯಲ್ಲಿ ಬೈಕಿನ ಹಿಂದೆ ಬೆಲ್ಲದ ಪೆಂಟಿ ಕಟ್ಟಿದ್ದನ್ನು ಮರೆತು, ಹತ್ತಲು ಕಾಲು ಬೀಸಿದೆ. ತೊಡೆಯ ಸಂದಿನಲ್ಲಿ ಕಟಕ್ ಎಂದಿತು. ಗುಳಿಗೆ, ವ್ಯಾಯಾಮ ಎಲ್ಲ ಆದರೂ ಚಕ್ಕಳ ಮಕ್ಕಳ ಹಾಕಿ ಕೂರುವುದು ಸಾಧ್ಯವಾಗಲಿಲ್ಲ. ನಮ್ಮ ಓಣಿಯ ಭಜನೆಯಲ್ಲಿ ಹಾರ್ಮೋನಿಯಂ ಪೇಟಿ ಬಾರಿಸುವ ಮಾಸ್ತರ ನಾನು. ನನ್ನ ಜಾಗದಲ್ಲಿ ಈಗ ಪಕ್ಕದ ಮನೆಯ ಬಸವರಾಜ ಕೂತ. ಹಾಡುವವರು ಒಂದು ದಾರಿ, ಅವನ ಪೇಟಿ ಒಂದು ದಾರಿ. ಗುಡಿಯ ಹೊರಗೆ ನಿಂತು ಕೇಳುತ್ತಿದ್ದ ನನಗೆ ಸೊಂಟಕ್ಕಿಂತ ಕಿವಿಯೇ ಹೆಚ್ಚು ನೋಯುತ್ತಿತ್ತು.

ಬೆಳಗಾವಿಯ ಡಾಕ್ಟರು ಸ್ಕ್ಯಾನ್ ನೋಡಿ, ಕೀಲಿನ ಬಟ್ಟಲಿನ ಅಂಚಿಗಿರುವ ಮೆತ್ತನೆಯ ಪಟ್ಟಿ ಹರಿದಿದೆ ಎಂದರು. ಸಣ್ಣ ತೂತು ಮಾಡಿ, ಕ್ಯಾಮರಾ ಇಳಿಸಿ, ಹರಿದ ಚೂರನ್ನು ಸವರಿ ತೆಗೆದರಾಯಿತು; ಬೇಗ ಓಡಾಡಬಹುದು. ಮನಸ್ಸು ಹಗುರಾಯಿತು. ಆದರೆ ಬಸ್ಸು ಸಂಪಗಾಂವ ಮುಟ್ಟುವಷ್ಟರಲ್ಲಿ, ಸವರಿದ ಮೇಲೆ ಉಳಿಯುವುದೇನು ಎಂಬ ಚಿಂತೆ ಹತ್ತಿತು. ಹುಬ್ಬಳ್ಳಿಗೆ ಹೋದೆ. ಅಲ್ಲಿಯ ಡಾಕ್ಟರು ಅದೇ ತೂತಿನಿಂದ ಹೊಲಿಯಬಹುದು ಎಂದರು. ಊರುಗೋಲು ಹೆಚ್ಚು ದಿನ ಬೇಕು, ಆದರೆ ಪಟ್ಟಿ ಉಳಿಯುತ್ತದೆ. ಮರಳುವಾಗ, ಹೊಲಿಗೆ ಬಿಟ್ಟರೆ ಗತಿಯೇನು ಎಂಬ ಹೊಸ ಚಿಂತೆ.

ಕುಂಟುತ್ತಲೇ ಪಡಸಾಲೆಯಲ್ಲಿ ಅತ್ತಿತ್ತ ತಿರುಗಾಡಿದೆ. ಮತ್ತೊಬ್ಬ ಡಾಕ್ಟರನ್ನು ಕೇಳೋಣವೇ ಎಂದಾಗ ಹೆಂಡತಿ ಶಾಂತಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಅವರು ಮೂರನೇದೊಂದು ಹೇಳ್ತಾರ. ಕೆಟ್ಟ ಕಾಲು ಮಾತ್ರ ಒಂದ ಐತ್ರಿ."

ಕೊನೆಗೆ ಹುಬ್ಬಳ್ಳಿಯ ಡಾಕ್ಟರನ್ನೇ, ಎರಡರಲ್ಲಿ ಯಾವುದು ಒಳ್ಳೆಯದೆಂದು ಗಟ್ಟಿಯಾಗಿ ಕೇಳಿದೆ.

"ಒಳಗ ನೋಡಿದ ಮ್ಯಾಲ ಗೊತ್ತಾಗತೈತ್ರಿ ಮಾಸ್ತರ. ಹೊಲಿಗಿ ಹಿಡಿಯೂ ಹಂಗಿದ್ರ ಹೊಲೀತೇನಿ, ಇಲ್ಲಂದ್ರ ಸವರತೇನಿ. ಆಗ ನಿಮಗ ಎಚ್ಚರನ ಇರೂದಿಲ್ಲ."

ಇಷ್ಟು ದಿನ ನಿದ್ದೆಗೆಟ್ಟು ತೂಗಿದ ವಿಷಯ ನಾನು ನಿದ್ದೆಯಲ್ಲಿದ್ದಾಗ ತೀರ್ಮಾನವಾಗಲಿತ್ತು. ಹೆದರಿಕೆಯಾಯಿತು, ಸ್ವಲ್ಪ ಅವಮಾನವೂ. ಒಪ್ಪಿಕೊಂಡೆ.

ಎಚ್ಚರವಾದೊಡನೆ ಹೊಲಿದರೋ ಸವರಿದರೋ ಎಂದು ಕೇಳಿದೆ. "ಎರಡೂ ಮಾಡ್ಯಾರ. ಈಗರ ಸುಮ್ಮನ ಮಲಕೊಳ್ರಿ," ಎಂದಳು ಶಾಂತಾ. ದನಿ ಗಟ್ಟಿಯಾಗಿತ್ತು, ಕಣ್ಣು ಒದ್ದೆಯಾಗಿದ್ದವು.

ಈಗ ಭಜನೆಯಲ್ಲಿ ಕುರ್ಚಿಯ ಮೇಲೆ ಕೂತು ಪೇಟಿ ಬಾರಿಸುತ್ತೇನೆ. ನೆಲದ ಮೇಲೆ ಕೂರಲು ಡಾಕ್ಟರರ ಅಪ್ಪಣೆ ಇನ್ನೂ ಸಿಕ್ಕಿಲ್ಲ. ಮೊನ್ನೆ ಬಸವರಾಜ ಕುಂಟುತ್ತ ಮನೆಗೆ ಬಂದ. ಅವನದೂ ಸೊಂಟ. ಅನುಭವಿಯ ಗತ್ತಿನಲ್ಲಿ ಹೇಳಿದೆ: ಒಬ್ಬರೇ ಡಾಕ್ಟರು, ಅವರು ಹೇಳಿದ್ದೇ ಕೊನೆ, ಹತ್ತು ಮಂದಿಯನ್ನು ಕೇಳಬಾರದು. ಅವನು ಸಮಾಧಾನದಿಂದ ತಲೆಯಾಡಿಸಿದ.

ಆ ಮಾತು ಮುಗಿಯುವ ಮೊದಲೇ ನನ್ನ ಕೈ ಅವನ ಸ್ಕ್ಯಾನಿನ ಲಕೋಟೆಯನ್ನು ಬಿಚ್ಚುತ್ತಿತ್ತು.