ಗಂಜಿಗೆ ಒಗ್ಗರಣೆ ಹಾಕಿದ ಭಾವ

ನಮ್ಮ ಭಾವನವರ ನಾಲಿಗೆಗೆ ಪೊಲೀಸ್ ಠಾಣೆಯಲ್ಲಿ ಲೈಸೆನ್ಸ್ ಮಾಡಿಸಬೇಕೆಂದು ನಾನು ಬಹಳ ವರ್ಷಗಳಿಂದ ಹೇಳುತ್ತಾ ಬಂದಿದ್ದೇನೆ. ಬಂದೂಕಿಗೆ ಲೈಸೆನ್ಸ್ ಕೇಳುತ್ತಾರಲ್ಲವೇ? ಬಂದೂಕಾದರೂ ಪಾಪ, ಯಾರಾದರೂ ಒತ್ತಿದರೆ ಮಾತ್ರ ಹಾರುತ್ತದೆ. ಭಾವನವರ ನಾಲಿಗೆಗೆ ಒಂದು ತುತ್ತು ಸಾಕು!

ಭಾವ ಎಂದರೆ ನನ್ನ ಅಕ್ಕನ ಗಂಡ. ತೆಲಂಗಾಣದ ನಾರಾಯಣಪೇಟೆಯಲ್ಲಿ ಮನೆಯಲ್ಲೇ ಮಗ್ಗ, ಸೀರೆ ನೇಯುತ್ತಾರೆ. ಅವರು ಹೊಟ್ಟೆಬಾಕ ಎಂದು ನೀವು ಈಗಲೇ ತೀರ್ಮಾನಿಸಿದ್ದರೆ ತಪ್ಪು. ಮೂರು ಇಡ್ಲಿ ದಾಟಿದವರಲ್ಲ. ಅವರಿಗೆ ಬೇಕಾದದ್ದು ಊಟವಲ್ಲ, ಊಟದ ಮೇಲಿನ ತೀರ್ಪು. ಆ ತೀರ್ಪನ್ನು ಅವರು ಕೊಡುವುದು ನೇಕಾರರ ಮಾತಿನಲ್ಲಿ. ಹುಳಿ ಎಂದರೆ ಅವರಿಗೆ ಹಾಸು, ಉದ್ದಕ್ಕೂ ಇರಬೇಕು. ಖಾರ ಎಂದರೆ ಹೊಕ್ಕು, ಅಡ್ಡ ಹಾಯಬೇಕು. ಪಲ್ಯ ಸೀರೆಯ ಒಡಲು. ಉಪ್ಪಿನಕಾಯಿ, ಚಟ್ನಿಪುಡಿಯಂಥ ಹಿಂಡಿ ಮುಂತಾದವು ದಡಿ. ಕೊನೆಯ ಮಜ್ಜಿಗೆ ಅನ್ನ ಸೆರಗು. ಒಮ್ಮೆ ನಮ್ಮ ಮನೆಯಲ್ಲಿ ಸಾರು ಸುರಿದುಕೊಂಡು, "ಹಾಸು ಗಟ್ಟಿ ಐತಿ ತಂಗಿ, ಎಳಿ ಅಲ್ಲಲ್ಲೆ ಹರದಾವ" ಎಂದರು. ನನ್ನ ಹೆಂಡತಿ ಸೌಟನ್ನು ಪಾತ್ರೆಯೊಳಗೆ ಬಿಟ್ಟು, "ಹರದದ್ದು ನಿಮ್ಮ ಪಾಲಿಗೆ ಬಂದೈತಿ ಅಣ್ಣಾರ. ಗಂಟು ಹಾಕ್ಕೊಂಡು ಉಣ್ರಿ" ಎಂದಳು. ಅವರು ನಿಜವಾಗಿಯೂ ಉಂಡರು. ಅವರಿಗೆ ಬೇಸರವಾಗುವುದಿಲ್ಲ. ಬೇಸರ, ಭಯ, ಬೆವರು ಎಲ್ಲ ನನ್ನ ಇಲಾಖೆ.

ನಾನು ಮಕ್ತಲದಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡವನು. ಮಷೀನಿನಲ್ಲಿ ಕಾಗದ ಸಿಕ್ಕಿಕೊಂಡರೆ ಚಿಂತೆ, ಸಿಕ್ಕಿಕೊಳ್ಳದಿದ್ದರೆ ಇನ್ನೂ ಯಾಕೆ ಸಿಕ್ಕಿಕೊಳ್ಳಲಿಲ್ಲವೆಂಬ ಚಿಂತೆ. ಇಂಥವನ ಊರಿಗೆ ಭಾವ ಪ್ರತಿ ಶನಿವಾರ ಮೊಪೆಡ್ ಏರಿ ಬರುತ್ತಾರೆ. ನನ್ನನ್ನು ನೋಡಲು ಎಂದುಕೊಂಡಿರಾ? ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನ ಮಂಡಕ್ಕಿ ಒಗ್ಗರಣೆ ಮತ್ತು ಮಿರ್ಚಿಯನ್ನು ನೋಡಲು! ನಾನು ಸಾಕ್ಷಿಗೆ.

ಒಂದು ಶನಿವಾರ ಮಿರ್ಚಿ ಕಚ್ಚಿದವರೇ ಎದ್ದು ನೇರವಾಗಿ ಬಾಣಲೆಯ ಹತ್ತಿರ ಹೋಗಿ, ಹಿಟ್ಟು ತೆಳ್ಳಗಾಗಿದೆ, ಮೆಣಸಿನಕಾಯಿ ಚಳಿಗೆ ನಡುಗುತ್ತಿದೆ ಎಂದು ಕರಿಯುವವನಿಗೆ ಹೇಳಿದರು. ಅವನು ತಲೆ ಕೂಡ ಎತ್ತದೆ, "ಅಯಿತೇ ನುವ್ವೇ ವೇಯಿ ಅನ್ನಾ" ಎಂದು, ಹಾಗಾದರೆ ನೀನೇ ಕರಿ ಎಂಬಂತೆ, ತೆಲುಗಿನಲ್ಲಿ ಹೇಳಿ, ಜಾಲರಿ ಸೌಟನ್ನು ಇವರ ಕೈಗಿಟ್ಟು, ಬೀಡಿ ಸೇದಲು ಹೊರಗೆ ಹೋದ. ಮರ್ಯಾದಸ್ಥರಾದವರು ಏನು ಮಾಡುತ್ತಾರೆ? ನಕ್ಕು ವಾಪಸು ಬರುತ್ತಾರೆ. ಭಾವ ತೋಳು ಮಡಚಿದರು. ಒಂದು ಗಂಟೆ ಕರಿದರು. ನಾನು ಅಂಗಡಿಗೆ ಬೀಗ ಹಾಕಿ ಬಂದವನು ಅಲ್ಲೇ ತಟ್ಟೆ ಹಂಚುತ್ತಾ ನಿಂತೆ. ಕೊನೆಗೆ ಮರಿಕಲ್ ಕಡೆಯ ರೈತರೊಬ್ಬರು ಬಂದು, "ಸ್ವಲ್ಪ ಸುಟ್ಟಾವಲ್ರೀ" ಎಂದರು. ಊರೆಲ್ಲರ ಅಡುಗೆಗೆ ತೀರ್ಪು ಕೊಡುವ ಮಹಾನುಭಾವ ಏನೆಂದರು ಗೊತ್ತೇ? ಆ ರೈತರಿಗೆ ಜ್ವರ ಬಂದಿರಬೇಕು, ಬಾಯಿ ಕೆಟ್ಟಿದೆ ಎಂದರು. ಎರಡು ವಾರ ಮಕ್ತಲಕ್ಕೆ ಬರಲಿಲ್ಲ.

ಆದರೆ ಅವರ ಜೀವಮಾನದ ಸಾಧನೆ ಗಂಜಿಯದು. ಹಾಸಿನ ನೂಲಿಗೆ ಗಂಜಿ ಹಾಕಬೇಕು, ಇಲ್ಲದಿದ್ದರೆ ಎಳೆ ನಿಲ್ಲುವುದಿಲ್ಲ. ಜೋಳದ ಹಿಟ್ಟನ್ನು ನೀರಲ್ಲಿ ಕುದಿಸಿ, ಎಳೆಗಳು ಒಂದಕ್ಕೊಂದು ಅಂಟದಿರಲೆಂದು ಒಂದು ಚಮಚ ಶೇಂಗಾ ಎಣ್ಣೆ ಬಿಡುತ್ತಾರೆ. ಅಂದು ಅಕ್ಕ ಊರಲ್ಲಿರಲಿಲ್ಲ. ಭಾವ ಎಣ್ಣೆ ಬಿಸಿ ಮಾಡಿದರು. ಬಿಸಿ ಎಣ್ಣೆ ಕಂಡ ಕೈ ಸುಮ್ಮನಿರುತ್ತದೆಯೇ? ಸಾಸಿವೆ ಹಾರಿತು. ಅದರ ಹಿಂದೆ ಜೀರಿಗೆ, ಅದರ ಹಿಂದೆ ಜಜ್ಜಿದ ಬೆಳ್ಳುಳ್ಳಿ. ಚುಂಯ್ ಎಂದಾಗಲೇ ಅವರಿಗೆ ಇದು ಊಟದ ಗಂಜಿಯಲ್ಲ, ನೂಲಿನ ಗಂಜಿ ಎಂದು ನೆನಪಾದದ್ದು. ಚೆಲ್ಲಲು ಮನಸ್ಸು ಬರಲಿಲ್ಲವಂತೆ. ಬಟ್ಟೆಯಲ್ಲಿ ಸೋಸಿ ಹಾಸಿನ ನೂಲಿಗೆ ಹಚ್ಚಿದರು. ಉಳಿದದ್ದನ್ನು ಎರಡು ಬಟ್ಟಲು ಕುಡಿದರು. "ಬಾಳ ಚಲೋ ಆಗಿತ್ತೋ" ಎಂದು ಇಂದಿಗೂ ಚಪ್ಪರಿಸುತ್ತಾರೆ.

ಆ ಹಾಸಿನಲ್ಲಿ ನೇಯ್ದ ಒಂದು ಸೀರೆಯನ್ನೂ ಸಾಹುಕಾರರು ತೆಗೆದುಕೊಳ್ಳಲಿಲ್ಲ. ಎಲ್ಲವನ್ನೂ ಅಕ್ಕನೇ ಉಟ್ಟು ಹರಿದಳು. ಆ ಸೀರೆಯುಟ್ಟು ಮದುವೆಗೆ ಹೋದರೆ, ಪಕ್ಕದಲ್ಲಿ ಕೂತ ಹೆಂಗಸರು ತಾಳಿ ಕಟ್ಟುವ ಮೊದಲೇ ಊಟಕ್ಕೆ ಎಬ್ಬಿಸುತ್ತಾರೇನು ಎಂದು ಕೇಳುತ್ತಿದ್ದರಂತೆ!

ಇಷ್ಟೆಲ್ಲ ನಗುವ ವಿಷಯ. ನಗು ನಿಂತದ್ದು ಅವರ ಮಗಳ ಸಂಬಂಧ ನೋಡಲು ಶುರು ಮಾಡಿದಾಗ. ಶಾಂತಿನಗರದ ಒಂದು ಮನೆಯಲ್ಲಿ ಉಪ್ಪಿಟ್ಟಿನ ರವೆ ಹುರಿದಿಲ್ಲ ಎಂದು ಹುಡುಗನ ಅಜ್ಜಿಗೆ ಹೇಳಿ ಬಂದರು. ಆ ಕಡೆಯಿಂದ ಮತ್ತೆ ಫೋನು ಬರಲಿಲ್ಲ. ಕೆ.ಟಿ. ದೊಡ್ಡಿ ಊರಿನವರು ಮನೆಗೆ ಬರುವಾಗ ಪ್ರೀತಿಯಿಂದ ತಾವೇ ಮಾಡಿದ ಉಂಡಿ ತಂದರು. ಭಾವ ಒಂದನ್ನು ಬಾಗಿಲ ಚೌಕಟ್ಟಿಗೆ ತಟ್ಟಿ ನೋಡಿದರು. ಅವರೂ ಬಾಗಿಲಿಂದಲೇ ಹೋದರು.

ಮೂರನೆಯದು ಗದ್ವಾಲದ ಸಂಬಂಧ. ನೇಕಾರರ ಮನೆ, ತಂದೆ ಮತ್ತು ಮಗ ಇಬ್ಬರೇ. ತಾಯಿ ತೀರಿಕೊಂಡು ಮೂರು ವರ್ಷ. ಈ ಹುಡುಗ ನಮ್ಮ ಹುಡುಗಿಯ ಮನಸ್ಸಿಗೆ ಬಂದಿದ್ದ. ಅದನ್ನವಳು ಬಾಯಿ ಬಿಟ್ಟು ಹೇಳಲಿಲ್ಲ. ನಾವು ಗದ್ವಾಲಕ್ಕೆ ಮನೆ ನೋಡಲು ಹೊರಡುವ ಹಿಂದಿನ ದಿನ ನನಗೆ ಫೋನು ಮಾಡಿ, "ಮಾಮಾ, ನೀವು ಅಪ್ಪಾರ ಬಾಜೂಕ ಕುಂದರ್ರಿ. ಇದೊಂದ್ ಸಲ" ಎಂದಳು. ಅಷ್ಟೇ.

ಅಕ್ಕ ಮನೆಯಲ್ಲಿ ಮೂರು ದಿನ ತರಬೇತಿ ಕೊಟ್ಟಿದ್ದಳು. ಬೇಕೆಂದೇ ಸೀದ ರೊಟ್ಟಿ, ಬೇಯದ ಬೇಳೆ ಬಡಿಸುವುದು, ಭಾವ "ಚಲೋ ಐತ್ರಿ" ಎನ್ನುವುದು. ಮೊದಲ ದಿನ ಎರಡನೇ ತುತ್ತಿಗೆ ಸೋತರು. ಮೂರನೇ ದಿನ ಊಟ ಪೂರ್ತಿ ಮುಗಿಸಿ, ಕೈ ತೊಳೆಯುವಾಗ ಬಚ್ಚಲಿಗೆ ಹೇಳಿಕೊಂಡರಂತೆ. ಅಕ್ಕ ಅದನ್ನು ಪಾಸು ಎಂದು ಲೆಕ್ಕ ಹಿಡಿದಳು.

ಅಕ್ಕ, ಭಾವ ಬಂದ ಬಸ್ಸನ್ನು ಮಕ್ತಲದಲ್ಲಿ ನಾನೂ ಹತ್ತಿದೆ. ಜುರಾಲ ಅಣೆಕಟ್ಟಿನ ಹತ್ತಿರ ಸಾಲಾಗಿ ಮೀನು ಕರಿಯುವ ಅಂಗಡಿಗಳು. ನಮ್ಮ ಮನೆಗಳಲ್ಲಿ ಮೀನು ತಿನ್ನುವುದಿಲ್ಲ. ಆದರೂ ಭಾವ ಕಿಟಕಿಯಿಂದ ಮೂಗು ಹೊರಹಾಕಿ, ಮೂರನೇ ಅಂಗಡಿಯಲ್ಲಿ ಮಸಾಲೆ ಹಸಿಯಿದೆ ಎಂದು ತೀರ್ಪು ಕೊಟ್ಟರು. ನಾನು ಕಣ್ಣು ಮುಚ್ಚಿ ದೇವರನ್ನು ನೆನೆದೆ.

ಗದ್ವಾಲದ ಮನೆಯಲ್ಲಿ ತಂದೆ ಮಗ ಇಬ್ಬರೇ ಅಡುಗೆ ಮಾಡಿದ್ದರು. ಇಬ್ಬರೇ ಬಡಿಸಿದರು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗೋಂಗುರ ಸೊಪ್ಪಿನ ಪುಂಡಿಪಲ್ಯ, ಅನ್ನ, ಸಾರು. ನಾನು ಭಾವನ ಬಲಕ್ಕೆ, ಅವರ ಮೊಣಕಾಲಿನ ಮೇಲೆ ಎರಡು ಬೆರಳು ಸಿದ್ಧವಾಗಿಟ್ಟುಕೊಂಡು ಕೂತೆ. ರೊಟ್ಟಿ ಮುರಿದರು. "ಚಲೋ ಐತ್ರಿ." ಹಿಂಡಿ ನೆಕ್ಕಿದರು. "ಚಲೋ ಐತ್ರಿ." ಅಕ್ಕ ನನ್ನ ಕಡೆ ನೋಡಿ ಉಸಿರು ಬಿಟ್ಟಳು.

ಪುಂಡಿಪಲ್ಯ ಬಾಯಿಗೆ ಹೋಯಿತು. ಭಾವನ ದವಡೆ ನಿಂತಿತು. ಕಣ್ಣು ಮುಚ್ಚಿದವು. ನಾನು ಚಿವುಟಿದೆ. ಇನ್ನಷ್ಟು ಜೋರಾಗಿ ಚಿವುಟಿದೆ. ಅವರು ನನ್ನ ಕಿವಿಗೆ ಬಾಗಿ, ಯಾರಿಗೂ ತಿಳಿಯಬಾರದೆಂದು ತಮ್ಮ ಎಂದಿನ ಭಾಷೆಯಲ್ಲಿ ಗುಟ್ಟು ಹೇಳಿದರು: "ದಡಿ ಗಟ್ಟಿ ಐತೋ. ಒಡಲು ಸಡಿಲ."

ಅವರ ಗುಟ್ಟು ಎರಡು ಓಣಿಗೆ ಕೇಳುವಂಥದ್ದು. ಅದಿರಲಿ, ನಾವು ಕೂತದ್ದು ಯಾರ ಮನೆಯಲ್ಲಿ? ಪಕ್ಕದ ಖೋಲಿಯಲ್ಲಿ ಅರ್ಧ ನೇಯ್ದ ಸೀರೆ ಮಗ್ಗದ ಮೇಲಿದೆ! ಗದ್ವಾಲದ ನೇಕಾರನಿಗೆ ಒಡಲು ಸಡಿಲ ಎಂದರೇನೆಂದು ಬಿಡಿಸಿ ಹೇಳಬೇಕೇ? ಸೌಟು ಹಿಡಿದ ಹುಡುಗ ಅಲ್ಲೇ ನಿಂತ. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಮನಸ್ಸಿನಲ್ಲೇ ವಾಪಸು ಬಸ್ಸಿನ ಹೊತ್ತು ನೋಡಿದೆ.

ಹುಡುಗನ ತಂದೆ ನೀರಿನ ತಂಬಿಗೆ ಕೆಳಗಿಟ್ಟು, ಭಾವನ ಎದುರಿಗೆ ನೆಲದ ಮೇಲೆ ಕೂತರು.

"ಮೂರು ವರ್ಷಾತ್ರಿ," ಎಂದರು. "ಬಂದವ್ರೆಲ್ಲಾ ಚಲೋ ಐತಿ, ಚಲೋ ಐತಿ ಅಂತ ಉಂಡು ಹೋಗ್ತಾರ. ಆಕಿ ಮಾಡೋ ಪಲ್ಯ ಹಿಂಗ ಇರ್ತಿದ್ದಿಲ್ಲಂತ ನಮಗಿಬ್ಬರಿಗೇ ಗೊತ್ತು. ಏನೇನೋ ಹಾಕಿ ನೋಡೀವಿ. ಏನು ಕಡಿಮಿ ಐತಿ, ನೀವರ ಹೇಳ್ರಿ."

ಭಾವ ಇನ್ನೊಂದು ತುತ್ತು ತಿಂದರು. ಈ ಸಲ ನಾನು ಚಿವುಟಲಿಲ್ಲ.

"ಆಗ ನೂಲಿಗೆ ಗಂಜಿ ಮನ್ಯಾಗ ಕಾಸ್ತಿದ್ರೇನ್ರಿ?"

"ಕಾಸ್ತಿದ್ವಿ. ಆಕೀನ ಕಾಸ್ತಿದ್ದಳು, ಜ್ವಾಳದ್ದು. ಆಕಿ ಹೋದ ಮ್ಯಾಲ ಗಂಜಿ ಹಾಕಿದ ಹಾಸೇ ತರ್ತೀವಿ. ಯಾಕ್ರಿ?"

ಭಾವ ಎದ್ದು ಕೈ ತೊಳೆದು, ಬೀಗರಾಗಬೇಕಾದವರ ಅಡುಗೆಮನೆಗೆ ನೇರವಾಗಿ ನುಗ್ಗಿದರು. ಹುಡುಗ ಹಿಟ್ಟಿನ ಡಬ್ಬಿ ತೋರಿಸಿದ. ಜೋಳದ ಹಿಟ್ಟು, ನೀರು, ಒಂದು ಚಮಚ ಶೇಂಗಾ ಎಣ್ಣೆ. ಒಗ್ಗರಣೆ ಹಾಕಲಿಲ್ಲ, ಅದನ್ನು ನಾನು ಬಾಗಿಲಲ್ಲಿ ನಿಂತು ಖಾತ್ರಿ ಮಾಡಿಕೊಂಡೆ! ಗಂಜಿ ಕುದ್ದು ಮಂದವಾದ ಮೇಲೆ ಒಂದು ಸೌಟು ಎತ್ತಿ ಪುಂಡಿಪಲ್ಯಕ್ಕೆ ಸುರಿದು, ಮುಚ್ಚಿ, ಸಣ್ಣ ಉರಿಯಲ್ಲಿಟ್ಟರು. ಹುಡುಗನ ತಾಯಿಯೂ ಹೀಗೇ ನೂಲಿಗೆಂದು ಕಾಸಿದ್ದರಲ್ಲಿ ಒಂದು ಸೌಟು ಪಲ್ಯಕ್ಕೆ ಹಾಕುತ್ತಿದ್ದಿರಬೇಕು. ಆ ತಾಯಿ ಅದನ್ನು ಯಾರಿಗೂ ಹೇಳಿರಲಿಕ್ಕಿಲ್ಲ. ಹೇಳುವಂಥದ್ದು ಎಂದು ಅನ್ನಿಸಿರಲಿಕ್ಕೂ ಇಲ್ಲ.

ಹುಡುಗ ರೊಟ್ಟಿಯ ಚೂರಲ್ಲಿ ಪಲ್ಯ ತೆಗೆದು ಬಾಯಿಗಿಟ್ಟ. ಇನ್ನೊಂದು ಚೂರು ಮುರಿದು, ಪಲ್ಯ ಹಚ್ಚಿ, ಹೊರಗೆ ಹೋಗಿ ತಂದೆಯ ಕೈಯಲ್ಲಿಟ್ಟ. ಅವರು ತಿಂದರು. ಮಗ್ಗದ ಕಡೆ ಮುಖ ತಿರುಗಿಸಿ ಬಹಳ ಹೊತ್ತು ಅಗಿದರು. ಅಷ್ಟು ಸಣ್ಣ ತುತ್ತಿಗೆ ಅಷ್ಟು ಹೊತ್ತು ಬೇಕಿರಲಿಲ್ಲ.

ಹೇಗಿದೆ ಎಂದು ಭಾವ ಯಾರನ್ನೂ ಕೇಳಲಿಲ್ಲ. ಪಾತ್ರೆ ಹಿಡಿದು ಬಂದು, ಅವರ ಮುಂದೆ ಒಂದು ತಟ್ಟೆ ಇಟ್ಟು, ರೊಟ್ಟಿ ಹಾಕಿದರು.

ನನ್ನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅಂಗಳಕ್ಕೆ ಬಂದು ಎತ್ತಿದೆ. ಆ ಕಡೆ ನಮ್ಮ ಹುಡುಗಿ.

"ಮಾಮಾ, ಅಪ್ಪಾರು ಏನರ ಅಂದ್ರೇನು?"

ನಾನು ಒಳಗೆ ಇಣುಕಿ ನೋಡಿದೆ.

"ಅಂದ್ರವ್ವಾ," ಎಂದೆ. "ಅಂದು, ಈಗ ನಿನ್ನ ಅತ್ತಿ ಮನ್ಯಾಗ ಬಡಸಾಕ ನಿಂತಾರ."